ಇಸ್ರೇಲಿಗೆ ಹೊರಟಿರುವ ಸಹೋದರಿಯ ಪ್ರಶ್ನೆಗೆ ಉತ್ತರ

ಪ್ರಿಯ ಸಹೋದರಿ,

ವೃದ್ಧೆಯೊಬ್ಬರ ಆರೈಕೆಗೆಂದು ಉಡುಪಿಯಿಂದ ಟೆಲ್ ಅವೀವ್‌ಗೆ ಬರಲಿರುವ ನೀವು ಸಂಬಳ, ರಜೆ, ಊಟದ ವಿಚಾರಗಳ ಜೊತೆಗೆ ಇನ್ನೊಂದನ್ನೂ ಕೇಳಿದ್ದೀರಿ. ಯೆಹೂದ್ಯರು ತಮ್ಮ ನಾಡಿಗೆ ಮರಳಿದ್ದು ಬೈಬಲಿನ ಪ್ರವಾದನೆಯ ನೆರವೇರಿಕೆಯೆಂದೂ, ಕ್ರಿಸ್ತನ ಎರಡನೆಯ ಬರೋಣ ಹತ್ತಿರವಾಗಿದೆ ಎನ್ನುವುದಕ್ಕೆ ಅದೇ ಗುರುತೆಂದೂ ನಿಮ್ಮ ಪ್ರಾರ್ಥನಾ ಕೂಟದಲ್ಲಿ ಕಲಿಸಿದ್ದಾರೆ. ಇಲ್ಲಿನ ಕ್ರೈಸ್ತರೆಲ್ಲರೂ ಹಾಗೆಯೇ ನಂಬುತ್ತಾರೆಯೇ, ಕೆಲಸದ ಮನೆಯವರೊಡನೆ ಇದನ್ನು ಮಾತನಾಡಬಹುದೇ ಎಂಬುದು ನಿಮ್ಮ ಪ್ರಶ್ನೆ. ಸಂಬಳ, ರಜೆಗಳ ವಿವರವನ್ನು ಏಜೆನ್ಸಿಯವರೇ ಕೊಡುತ್ತಾರೆ. ಈ ಪ್ರಶ್ನೆಗೆ ಅವರಲ್ಲಿ ಉತ್ತರ ಸಿಗಲಾರದು, ಆದ್ದರಿಂದ ಇದರ ಬಗ್ಗೆಯೇ ಬರೆಯುತ್ತೇನೆ.

ನಿಮಗೆ ತೋರಿಸಿದ ವಚನಗಳು ಬೈಬಲಿನಲ್ಲಿ ಇರುವುದು ನಿಜ. ಯೆಹೆಜ್ಕೇಲನ 37ನೆಯ ಅಧ್ಯಾಯದಲ್ಲಿ ಒಣಗಿದ ಎಲುಬುಗಳಿಗೆ ಜೀವ ಬರುತ್ತದೆ, ಚದುರಿದ ಜನ ಸ್ವದೇಶ ಸೇರುತ್ತಾರೆ. ಸ್ವದೇಶದಲ್ಲಿ ನೆಟ್ಟವರನ್ನು ಇನ್ನು ಯಾರೂ ಕೀಳುವುದಿಲ್ಲವೆಂಬ ವಾಗ್ದಾನದೊಂದಿಗೆ ಆಮೋಸನ ಗ್ರಂಥ ಮುಗಿಯುತ್ತದೆ. ಆದರೆ ಇಂಥ ವಚನಗಳನ್ನೆಲ್ಲ ಒಂದುಗೂಡಿಸಿ ಅಂತ್ಯಕಾಲದ ವೇಳಾಪಟ್ಟಿಯಂತೆ ಓದುವ ಪದ್ಧತಿಗೆ ಈಗಿನ ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರಿಂದ. 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳು ಅದನ್ನು ಅಮೆರಿಕದ ಸಾಮಾನ್ಯ ವಿಶ್ವಾಸಿಗಳಿಗೂ ಮುಟ್ಟಿಸಿದವು. 1948ರ ಮೇ 14ರಂದು ಇಸ್ರೇಲ್ ರಾಷ್ಟ್ರದ ಘೋಷಣೆಯಾದಾಗ, ಒಂದೇ ದಿನದಲ್ಲಿ ಒಂದು ದೇಶ ಹುಟ್ಟೀತೇ ಎಂಬ ಯೆಶಾಯನ ಪ್ರಶ್ನೆಗೆ ಉತ್ತರ ದೊರೆಯಿತೆಂದು ಹೀಗೆ ಓದುವವರಲ್ಲಿ ಅನೇಕರು ಹರ್ಷಿಸಿದರು. ಜೆರುಸಲೇಮಿನಲ್ಲಿ 1980ರಿಂದ ನಡೆಯುತ್ತಿರುವ ‘ಅಂತರರಾಷ್ಟ್ರೀಯ ಕ್ರೈಸ್ತ ರಾಯಭಾರ ಕಚೇರಿ’ ಎಂಬ ಸಂಸ್ಥೆಯೂ ಈ ಮರಳುವಿಕೆಯಲ್ಲಿ ದೇವರ ಕೈಯನ್ನು ಕಾಣುವವರದೇ; ಯೆಹೂದ್ಯರ ಪರ್ಣಶಾಲೆಗಳ ಹಬ್ಬಕ್ಕೆ ಅವರ ಕರೆಯ ಮೇಲೆ ಹಲವು ದೇಶಗಳಿಂದ ಜನ ಬರುತ್ತಾರೆ.

ನಾನು ಮಂಗಳೂರು ಕಡೆಯ ಕಥೋಲಿಕ ವಿಶ್ವಾಸಿ. ನಮ್ಮ ಧರ್ಮಸಭೆಯ ನಿಲುವು ಬೇರೆ, ಮತ್ತು ಅದು ನಡೆದು ಬಂದ ದಾರಿ ಹೆಮ್ಮೆಪಡುವಂಥದ್ದಲ್ಲ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದದ್ದೂ ಯೆಹೂದ್ಯರು ಚದುರಿದ್ದೂ ಕ್ರಿಸ್ತನನ್ನು ತಿರಸ್ಕರಿಸಿದ್ದಕ್ಕೆ ಸಿಕ್ಕ ಶಿಕ್ಷೆಯೆಂದು ಶತಮಾನಗಳ ಕಾಲ ಬೋಧಿಸಿದರು. 1904ರಲ್ಲಿ, ಯೆಹೂದ್ಯರಿಗೆ ಸ್ವಂತ ನಾಡು ಬೇಕೆಂಬ ಚಳವಳಿಯ ನಾಯಕ ಥಿಯೋಡರ್ ಹರ್ಜ್ಲ್ ಬೆಂಬಲ ಕೋರಿ ಹೋದಾಗ, ಯೆಹೂದ್ಯರು ನಮ್ಮ ಪ್ರಭುವನ್ನು ಅಂಗೀಕರಿಸದ ಕಾರಣ ನಾವೂ ಅವರ ಜನಾಂಗವನ್ನು ಅಂಗೀಕರಿಸಲಾರೆವು ಎಂದು ಹತ್ತನೆಯ ಪಯಸ್ ಪೋಪರು ಉತ್ತರಿಸಿದರು. ಲಕ್ಷಾಂತರ ಯೆಹೂದ್ಯರ ಹತ್ಯೆ ಕ್ರೈಸ್ತ ಯುರೋಪಿನ ನಡುವೆಯೇ ನಡೆದುಹೋದ ಮೇಲೆ, 1965ರ ‘ನೊಸ್ತ್ರಾ ಎತಾತೆ’ ಘೋಷಣೆಯಲ್ಲಿ ಧರ್ಮಸಭೆಯು ಯೆಹೂದ್ಯರನ್ನು ದೇವರಿಂದ ಶಾಪಗ್ರಸ್ತರೆಂದು ಚಿತ್ರಿಸಬಾರದೆಂದು ಸಾರಿತು. ಯೆಹೂದ್ಯರಿಗೆ ಈ ನೆಲದ ಮೇಲಿರುವ ಧಾರ್ಮಿಕ ಬಾಂಧವ್ಯವನ್ನು ಕ್ರೈಸ್ತರು ಅರಿಯಬೇಕು, ಆದರೆ ಇಸ್ರೇಲ್ ಎಂಬ ರಾಷ್ಟ್ರವನ್ನೂ ಅದರ ರಾಜಕೀಯವನ್ನೂ ಅಂತರರಾಷ್ಟ್ರೀಯ ನ್ಯಾಯದ ತತ್ತ್ವಗಳಿಂದ ನೋಡಬೇಕು ಎಂದು 1985ರ ವ್ಯಾಟಿಕನ್ ಟಿಪ್ಪಣಿ ತಿಳಿಸಿತು. ನನಗೆ ಈ ಮಾತೇ ಸರಿಯೆನಿಸುತ್ತದೆ.

ಇನ್ನು ಇಲ್ಲಿಯೇ ಹುಟ್ಟಿ ಬೆಳೆದ ಕ್ರೈಸ್ತರಿದ್ದಾರೆ. ಊರಿನಲ್ಲಿ ನಮಗೆ ಅವರ ವಿಷಯ ಹೇಳುವವರೇ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಅರಬ್ಬಿ ಮಾತನಾಡುತ್ತಾರೆ, ಆರಾಧನೆಯೂ ಅರಬ್ಬಿಯಲ್ಲೇ ನಡೆಯುತ್ತದೆ. ಲೆಬನಾನ್ ಗಡಿಯ ಬಳಿ ಇಕ್ರಿತ್ ಎಂಬ ಕ್ರೈಸ್ತ ಹಳ್ಳಿಯಿತ್ತು. 1948ರಲ್ಲಿ ಸೈನ್ಯವು ಅಲ್ಲಿನವರನ್ನು ಹೊರಕಳುಹಿಸಿತು. ಅವರು ಮರಳಬಹುದೆಂದು ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವೇ 1951ರಲ್ಲಿ ತೀರ್ಪಿತ್ತರೂ, ಅದೇ ವರ್ಷದ ಕ್ರಿಸ್ಮಸ್ ಹೊತ್ತಿಗೆ ಮನೆಗಳನ್ನು ಕೆಡವಲಾಯಿತು. ಚರ್ಚ್ ಮಾತ್ರ ಉಳಿದಿದೆ. ಒಬ್ಬರ ಮರಳುವಿಕೆಯನ್ನು ದೇವರ ಯೋಜನೆಯೆಂದು ನಾವು ಹಾಡಿ ಹೊಗಳುವಾಗ ಇಕ್ರಿತ್‌ನ ವಿಶ್ವಾಸಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದನ್ನು ಯೋಚಿಸಬೇಕು. 2006ರಲ್ಲಿ ಜೆರುಸಲೇಮಿನ ಲ್ಯಾಟಿನ್ (ರೋಮನ್ ಕಥೋಲಿಕ) ಕುಲಪಿತರೂ, ಸಿರಿಯನ್ ಆರ್ಥೊಡಾಕ್ಸ್, ಆಂಗ್ಲಿಕನ್, ಲೂಥರನ್ ಸಭೆಗಳ ಮುಖ್ಯಸ್ಥರೂ ಒಟ್ಟಾಗಿ ಕ್ರೈಸ್ತ ಜಿಯೋನಿಸಂ, ಅಂದರೆ ಯೆಹೂದ್ಯರ ಮರಳುವಿಕೆಯನ್ನೂ ಇಸ್ರೇಲ್ ರಾಷ್ಟ್ರವನ್ನೂ ಪ್ರವಾದನೆಯ ನೆರವೇರಿಕೆಯೆಂದು ಬೆಂಬಲಿಸುವ ಕ್ರೈಸ್ತರ ಪಂಥ, ಸುಳ್ಳು ಬೋಧನೆಯೆಂದು ಹೇಳಿಕೆ ಕೊಟ್ಟದ್ದರ ಹಿಂದೆ ಇಂಥ ನೋವಿದೆ.

ಈಗ ಕೆಲಸದ ಮನೆಯ ಮಾತು. ಜೆಕರ್ಯನ 13ನೆಯ ಅಧ್ಯಾಯದಲ್ಲಿ ದೇಶದ ಮೂರರಲ್ಲಿ ಎರಡು ಪಾಲು ಜನ ನಾಶವಾಗುವ ಮಾತಿದೆ. ಅಂತ್ಯಕಾಲದಲ್ಲಿ ಬರುವುದೆಂದು ಅವರು ನಂಬುವ ಮಹಾಸಂಕಟದಲ್ಲಿ ಹೆಚ್ಚಿನ ಯೆಹೂದ್ಯರು ಸಾಯುತ್ತಾರೆ, ಉಳಿದವರು ಕ್ರಿಸ್ತನನ್ನು ಒಪ್ಪುತ್ತಾರೆ ಎಂದು ಡಾರ್ಬಿಯ ದಾರಿಯವರಲ್ಲಿ ಹಲವರು ಇದನ್ನು ಅರ್ಥೈಸುತ್ತಾರೆ. ನೀವು ಸ್ನಾನ ಮಾಡಿಸಿ ಊಟ ಕೊಡುವ ಅಜ್ಜಿ ಹಿಟ್ಲರನ ಶಿಬಿರದಿಂದ ಬದುಕಿ ಬಂದವರಾಗಿರಬಹುದು. ವರ್ಷಕ್ಕೊಮ್ಮೆ, ಹತ್ಯಾಕಾಂಡದ ನೆನಪಿನ ದಿನ ಬೆಳಿಗ್ಗೆ ಹತ್ತಕ್ಕೆ ಸೈರನ್ ಮೊಳಗಿದಾಗ ರಸ್ತೆಯ ಕಾರುಗಳೂ ನಿಂತು, ಎಲ್ಲರೂ ಎರಡು ನಿಮಿಷ ಎದ್ದು ನಿಲ್ಲುತ್ತಾರೆ. ಅಂಥ ಮನೆಯಲ್ಲಿ ಈ ಲೆಕ್ಕಾಚಾರವನ್ನು ಬಾಯಿಬಿಟ್ಟು ಹೇಳುವುದು ಕ್ರೂರವಾಗುತ್ತದೆ. ನಾನು ನೋಡಿಕೊಂಡ ಅಜ್ಜಿ 1951ರಲ್ಲಿ ಬಾಗ್ದಾದಿನಿಂದ ಬಂದವರು. ಬಿಟ್ಟುಬಂದ ಮನೆಯ ಅಂಗಳದ ಬಗ್ಗೆಯೂ, ಇಲ್ಲಿಗೆ ಬಂದ ಹೊಸದರಲ್ಲಿ ವಾಸವಿದ್ದ ಡೇರೆಯೊಳಗೆ ಹರಿದ ಮಳೆನೀರಿನ ಬಗ್ಗೆಯೂ ಎಷ್ಟೋ ಸಲ ಹೇಳುತ್ತಿದ್ದರು. ಆ ಮರಳುವಿಕೆ ಅವರ ಬದುಕು. ನಮ್ಮ ಬೋಧನೆಗೆ ಅದನ್ನು ಸಾಕ್ಷಿಯಾಗಿ ಬಳಸುವ ಹಕ್ಕು ನಮಗಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಮತಾಂತರಕ್ಕಾಗಿ ಹಣ ಅಥವಾ ಲಾಭದ ಆಮಿಷ ಒಡ್ಡುವುದು 1977ರ ಕಾನೂನಿನಂತೆ ಇಲ್ಲಿ ಅಪರಾಧ ಎಂಬುದೂ ನೆನಪಿರಲಿ. ನಿಮ್ಮ ನಂಬಿಕೆಯನ್ನು ಮುಚ್ಚಿಡಬೇಕಾಗಿಲ್ಲ. ಕೊರಳಿನ ಶಿಲುಬೆ, ಬೆಳಗಿನ ಪ್ರಾರ್ಥನೆಗಳಿಗೆ ನಾನು ಕೆಲಸ ಮಾಡಿದ ಮನೆಯವರು ಎಂದೂ ಅಡ್ಡಿ ಹೇಳಿದ್ದಿಲ್ಲ. ನೀವೇನು ನಂಬುತ್ತೀರಿ ಎಂದು ನಿಮ್ಮ ಕೆಲಸದ ಮನೆಯವರೇ ಕೇಳಿದರೆ, ದೇವರು ತನ್ನ ವರಗಳನ್ನೂ ಕರೆಯನ್ನೂ ಹಿಂತೆಗೆದುಕೊಳ್ಳುವುದಿಲ್ಲವೆಂದು ಪೌಲನು ರೋಮಾಪುರದವರಿಗೆ ಬರೆದದ್ದನ್ನು ಹೇಳಿ, ಅಲ್ಲಿಗೆ ನಿಲ್ಲಿಸಿ. ಭಾನುವಾರ ಇಲ್ಲಿ ಕೆಲಸದ ದಿನವಾದ್ದರಿಂದ ವಾರದ ರಜೆಯ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಟೆಲ್ ಅವೀವ್‌ಗೆ ಸೇರಿದ ಯಾಫೋದ ಸಂತ ಅಂತೋನಿ ಚರ್ಚಿಗೆ ಬಂದರೆ ನಮ್ಮ ಕರಾವಳಿಯವರು ಸಿಗುತ್ತಾರೆ.