ಚಳಿಗಾಲದಲ್ಲಿ ಕುದುರೆಗೆ ಅರ್ಧ ಗಂಟೆಯ ತರಬೇತಿ ಸವಾರಿ ಸಾಕಾ?

ಧಾರಾಳವಾಗಿ ಸಾಕು. ಇಂಗ್ಲೆಂಡ್, ಜರ್ಮನಿಯಂಥ ಕಡೆ ಸ್ವಂತ ಕುದುರೆ ಇಟ್ಟುಕೊಂಡವರು ಜನವರಿಯಲ್ಲಿ ಸವಾರಿಯನ್ನು ಚಿಕ್ಕದಾಗಿಸಲು ದೊಡ್ಡ ಕಾರಣ ಬೆವರು.

ಹಗಲು ಕಮ್ಮಿಯಾಗುತ್ತಾ ಬಂದಂತೆ ಕುದುರೆಗೆ ದಟ್ಟ ಕೂದಲು ಬೆಳೆಯುತ್ತದೆ. ಚಳಿಗೆ ಆ ಕೂದಲು ನಿಮಿರಿ ನಿಂತು ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಮೈ ಬೆಚ್ಚಗಿರುವುದು ಆ ಗಾಳಿಯಿಂದಲೇ. ಬೆವರಿದರೆ ಕೂದಲು ತೊಯ್ದು ಚರ್ಮಕ್ಕೆ ಅಂಟುತ್ತದೆ, ಗಾಳಿಯ ಪದರ ಹೋಗುತ್ತದೆ. ದಟ್ಟ ಕೂದಲು ಬೇಗ ಒಣಗುವುದೂ ಇಲ್ಲ. ಆಮೇಲೆ ಲಾಯದಲ್ಲಿ ನಿಂತು ನಡುಗಬೇಕು, ಪಾಪ.

ಹಾಗಾದರೆ ಅಷ್ಟರಲ್ಲಿ ಕಲಿಸುವುದೇನು? ಮೊದಲ 10 ನಿಮಿಷ ಸುಮ್ನೆ ನಡೆಸಿ. ಚಳಿಗೆ ಬಿಗಿದ ಸ್ನಾಯು, ಕೀಲುಗಳು ಸಡಿಲವಾಗಲಿ. ನಂತರ ದೊಡ್ಡ ಸುತ್ತುಗಳಲ್ಲಿ ನಡಿಗೆಯಿಂದ ಟ್ರಾಟ್‌ಗೆ, ಅಂದರೆ ಕುಲುಕು ಓಟಕ್ಕೆ, ಮತ್ತೆ ನಡಿಗೆಗೆ ಬದಲಾಯಿಸುತ್ತಿರಿ. ಕುದುರೆ ನಿಮ್ಮ ಕಾಲಿನ, ಲಗಾಮಿನ ಸೂಚನೆಗೆ ಕಿವಿಗೊಡುವುದನ್ನು ಕಲಿಯುವುದು ಇಲ್ಲೇ. ನಾಗಾಲೋಟದಲ್ಲಿ ಬೆವರೇ ಜಾಸ್ತಿ. ನೆಲ ಹೆಪ್ಪುಗಟ್ಟಿದ್ದರೆ ಟ್ರಾಟ್ ಕೂಡ ಬೇಡ, ಗೊರಸಿಗೆ ಪೆಟ್ಟು.

ಕೊನೆಯ ಐದಾರು ನಿಮಿಷ ಮತ್ತೆ ನಡಿಗೆ. ಇಳಿದ ಮೇಲೆ ಜೀನಿನ ಪಟ್ಟಿ ಇದ್ದ ಜಾಗಕ್ಕೆ, ಮುಂಗಾಲುಗಳ ನಡುವೆ ಕೈ ಹಾಕಿ ನೋಡಿ. ಒದ್ದೆ ಇದ್ದರೆ ಉಣ್ಣೆಯ ಹೊದಿಕೆ ಹಾಕಿ, ಒಣಗಿದ ಮೇಲೆ ತೆಗೆಯಿರಿ.

ಅಂದ ಹಾಗೆ, ಕಡಿವಾಣದ ಕಬ್ಬಿಣವನ್ನು ಬಾಯಿಗೆ ಕೊಡುವ ಮೊದಲು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ. ಮಂಜಿನಂತೆ ತಣ್ಣಗಿರುತ್ತದೆ ಅಲ್ವಾ!