ಅಟ್ಟದ ಮೇಲಿನ ಬರ್ಮಾ ಶೆಲ್ ಡಬ್ಬ

ಓದುಗರ ಪತ್ರ: ಅಜ್ಜನ ಮನೆಯ ಅಟ್ಟ ಗುಡಿಸುವಾಗ ತುಕ್ಕು ಹಿಡಿದ ಸೀಮೆಎಣ್ಣೆ ಡಬ್ಬ ಸಿಕ್ಕಿತು. ಮೇಲೆ ‘ಬರ್ಮಾ ಶೆಲ್’ ಅಂತ ಅಚ್ಚಿದೆ. ಬೆಂಗಳೂರಿನ ಬಂಕ್‌ಗಳಲ್ಲಿ ಕಾಣುವ ಶೆಲ್ ಇದೇನಾ? ಈ ಕಂಪನಿ ಇಂಗ್ಲಿಷರದ್ದೋ, ಡಚ್ಚರದ್ದೋ?

ಸಂಪಾದಕರ ಉತ್ತರ: ಹೌದು, ಅದೇ ಶೆಲ್. ನಿಮಗೆ ಡಬ್ಬವೇ ಸಿಕ್ಕಿದ್ದು ನನಗೆ ತುಂಬ ಖುಷಿ, ಯಾಕೆಂದರೆ ಈ ಕಂಪನಿಯ ಕಥೆಯಲ್ಲಿ ಡಬ್ಬಕ್ಕೆ ದೊಡ್ಡ ಪಾತ್ರವಿದೆ.

ಲಂಡನ್ನಿನ ಮಾರ್ಕಸ್ ಸ್ಯಾಮ್ಯುಯೆಲ್ ಅವರ ತಂದೆ ಕಪ್ಪೆಚಿಪ್ಪು ಅಂಟಿಸಿದ ಅಲಂಕಾರದ ಪೆಟ್ಟಿಗೆ ಮಾರುತ್ತಿದ್ದರು. ಶೆಲ್ ಹೆಸರಿನ ಮೂಲ ಅದು. ಮಗ ಸೀಮೆಎಣ್ಣೆಗೆ ಇಳಿದರು. ಆಗ ಏಷ್ಯಾದಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್‌ನದ್ದೇ ದರ್ಬಾರು. ಅವರ ಎಣ್ಣೆ ನೀಲಿ ಡಬ್ಬಗಳಲ್ಲಿ, ಮರದ ಪೆಟ್ಟಿಗೆಯೊಳಗೆ ಹಡಗೇರಿ ಬರುತ್ತಿತ್ತು. ಸ್ಯಾಮ್ಯುಯೆಲ್ ಹಡಗಿನ ಹೊಟ್ಟೆಗೇ ಎಣ್ಣೆ ತುಂಬಿಸಿದರು. 1892ರಲ್ಲಿ ಅವರ ‘ಮ್ಯೂರೆಕ್ಸ್’ ಸೂಯೆಜ್ ಕಾಲುವೆ ದಾಟಿತು. ಆ ಕಾಲುವೆ ದಾಟಿದ ಮೊದಲ ತೈಲ ಟ್ಯಾಂಕರ್ ಅದೇ.

ಎಣ್ಣೆ ಅಗ್ಗವಾಯಿತು. ಆದರೆ ವ್ಯಾಪಾರ ಕುದುರಲಿಲ್ಲ! ಜನ ಮನೆಯಿಂದ ಪಾತ್ರೆ ತರುತ್ತಾರೆ ಅಂದುಕೊಂಡಿದ್ದರು, ಯಾರೂ ತರಲಿಲ್ಲ. ಜನರಿಗೆ ಎಣ್ಣೆಯಷ್ಟೇ ಡಬ್ಬವೂ ಬೇಕಿತ್ತು. ಅದನ್ನು ಬಡಿದು ಚಪ್ಪಟೆ ಮಾಡಿ ಸೂರಿಗೆ ಹೊದಿಸುತ್ತಿದ್ದರು, ಕತ್ತರಿಸಿ ಲೋಟ ಮಾಡುತ್ತಿದ್ದರು. ಕೊನೆಗೆ ಸ್ಯಾಮ್ಯುಯೆಲ್ ತಗಡು ತರಿಸಿ, ಅಲ್ಲಲ್ಲೇ ಡಬ್ಬ ಮಾಡಿಸಿ, ಕೆಂಪು ಬಣ್ಣ ಹೊಡೆಸಿದರು. ನಮ್ಮಲ್ಲೂ ಖಾಲಿ ಡಬ್ಬವನ್ನು ಯಾರು ಎಸೆಯುತ್ತಿದ್ದರು ಹೇಳಿ? ಹಿಡಿ ಹಾಕಿಸಿ ನೀರು ಹೊರುತ್ತಿದ್ದರು ಅಲ್ವಾ?

ಇನ್ನು ಇಂಗ್ಲಿಷರೋ ಡಚ್ಚರೋ ಎಂಬ ಪ್ರಶ್ನೆ. ಇಬ್ಬರದ್ದೂ. ಸುಮಾತ್ರಾದ ಎಣ್ಣೆ ತೆಗೆಯಲು 1890ರಲ್ಲಿ ರಾಯಲ್ ಡಚ್ ಹುಟ್ಟಿತ್ತು. ಸ್ಯಾಮ್ಯುಯೆಲ್ ಅವರ ಕಂಪನಿ ಸೊರಗಿದಾಗ, 1907ರಲ್ಲಿ ಎರಡೂ ಕೈ ಜೋಡಿಸಿದವು. ಡಚ್ಚರಿಗೆ ನೂರರಲ್ಲಿ 60 ಪಾಲು, ಇಂಗ್ಲಿಷರಿಗೆ 40. ವ್ಯವಹಾರ ಒಂದೇ ಆದರೂ ಯಜಮಾನ ಕಂಪನಿಗಳು ಎರಡು, ಹೀಗೆಯೇ 98 ವರ್ಷ ನಡೆಯಿತು. 2004ರಲ್ಲಿ ತೈಲ ನಿಕ್ಷೇಪದ ಲೆಕ್ಕ ಜಾಸ್ತಿ ತೋರಿಸಿದ್ದು ಬಯಲಾಗಿ, ಸುಮಾರು ಐದನೇ ಒಂದು ಪಾಲನ್ನು ಕಡಿತ ಮಾಡಬೇಕಾಯಿತು. ಮರುವರ್ಷ ಎರಡೂ ಒಂದೇ ಕಂಪನಿಯಾದವು. 2022ರಲ್ಲಿ ಮುಖ್ಯ ಕಚೇರಿ ಲಂಡನ್ನಿಗೆ ಹೋಯಿತು, ಹೆಸರಿನಿಂದ ‘ರಾಯಲ್ ಡಚ್’ ಬಿದ್ದುಹೋಯಿತು.

ನೀವು ಕೇಳಿಲ್ಲ, ಆದರೂ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನೈಜೀರಿಯಾದ ಒಗೊನಿ ಜನರ ಹೊಲ, ಹೊಳೆ ಎಣ್ಣೆಯಿಂದ ಹಾಳಾದಾಗ ಶೆಲ್ ವಿರುದ್ಧ ದನಿ ಎತ್ತಿದವರು ಲೇಖಕ ಕೆನ್ ಸಾರೊ-ವಿವಾ. 1995ರ ನವೆಂಬರ್ 10ರಂದು ಅಲ್ಲಿನ ಸೇನಾ ಸರ್ಕಾರ ಅವರನ್ನೂ ಇನ್ನೂ ಎಂಟು ಜನರನ್ನೂ ಗಲ್ಲಿಗೇರಿಸಿತು. ಈ ಸಂಬಂಧದ ಮೊಕದ್ದಮೆಯಲ್ಲಿ ಶೆಲ್ 2009ರಲ್ಲಿ 1.55 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ತಪ್ಪು ಮಾತ್ರ ಒಪ್ಪಲಿಲ್ಲ. ಶೆಲ್ ಚರಿತ್ರೆ ಬರೆಯುವವರು ಈ ಒಂಬತ್ತು ಜನರನ್ನು ಬಿಟ್ಟರೆ ಅದು ಅನ್ಯಾಯ.

ನಿಮ್ಮ ಡಬ್ಬದ ವಯಸ್ಸು ಹೇಳಬಹುದು. ಬರ್ಮಾ ಆಯಿಲ್ ಮತ್ತು ಶೆಲ್ ಸೇರಿ ಭಾರತದಲ್ಲಿ ಬರ್ಮಾ ಶೆಲ್ ಕಟ್ಟಿದ್ದು 1928ರಲ್ಲಿ. 1976ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು, ಮರುವರ್ಷ ಅದಕ್ಕೆ ಭಾರತ್ ಪೆಟ್ರೋಲಿಯಂ ಎಂದು ಹೆಸರಾಯಿತು. ಅಂದರೆ ಡಬ್ಬ ಈ ನಡುವಿನದ್ದು. ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದು ಫೋಟೊ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.