ಮರಿಯ ಹಿಂಗಾಲು ಬಿಗಿಯುತ್ತಿದೆ: ಕೊಟ್ಟಿಗೆಯ ಕಡೆಗೂ ಒಮ್ಮೆ ನೋಡಿ

ಪ್ರಶ್ನೆ: ನಾವು ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರವರು. ನಾಲ್ಕು ಹಸು ಸಾಕಿ ಡೇರಿಗೆ ಹಾಲು ಹಾಕುತ್ತೇವೆ. ನಮ್ಮ ಮನೆಯ ಹೆಣ್ಣುನಾಯಿ ಹಾಕಿದ ಮರಿಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇವೆ. ಅದಕ್ಕೀಗ ಮೂರೂವರೆ ತಿಂಗಳು. ಇಪ್ಪತ್ತು ದಿನಗಳ ಹಿಂದೆ ಬಲ ಹಿಂಗಾಲನ್ನು ಎಳೆಯತೊಡಗಿತು, ವಾರದ ನಂತರ ಎಡಗಾಲೂ ಹಾಗೆಯೇ ಆಯಿತು. ಈಗ ಎರಡು ಕಾಲನ್ನೂ ಒಟ್ಟಿಗೆ ಎತ್ತಿ ಮೊಲದಂತೆ ಹಾರುತ್ತದೆ. ಬಲಗಾಲನ್ನು ಮಡಚಲು ಹೋದರೆ ಕೋಲಿನಂತೆ ಸೆಟೆದುಕೊಳ್ಳುತ್ತದೆ. ಜ್ವರವಿಲ್ಲ, ಹಾಲು ಅನ್ನ, ರಾಗಿಮುದ್ದೆ ಚೆನ್ನಾಗಿ ತಿನ್ನುತ್ತದೆ. ಬಿದ್ದು ಪೆಟ್ಟು ಮಾಡಿಕೊಂಡದ್ದನ್ನು ಯಾರೂ ನೋಡಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿದೆ ಎಂದರು. ಕ್ಯಾಲ್ಸಿಯಂ ಸಿರಪ್ ಮತ್ತು ಬಿ-12 ಚುಚ್ಚುಮದ್ದಿನಿಂದ ಪ್ರಯೋಜನವಾಗಲಿಲ್ಲ. ಇದೇ ಸೂಲಿನ ಇನ್ನೊಂದು ಮರಿಯನ್ನು ಮಾಲೂರಿನ ನೆಂಟರಿಗೆ ಕೊಟ್ಟಿದ್ದೆವು. ಅದೂ ಹೀಗೆಯೇ ಕಾಲು ಬಿದ್ದು ಸತ್ತಿತು. ಹೋದ ವರ್ಷ ನಮ್ಮ ಹಸುವೊಂದು ಐದು ತಿಂಗಳಿಗೇ ಕಂದು ಹಾಕಿತ್ತು. ಮನೆಗೆ ಯಾರದೋ ದೃಷ್ಟಿ ತಾಗಿದೆ ಎಂದು ಅಮ್ಮ ಹೇಳುತ್ತಾರೆ. ಮರಿಗೆ ದಯಾಮರಣ ಕೊಡಿಸುವುದೇ ಸರಿಯೆಂದು ಕೆಲವರು ಹೇಳುತ್ತಿದ್ದಾರೆ. ದಾರಿ ತಿಳಿಸಿ.

ಉತ್ತರ: ದಯಾಮರಣದ ಮಾತನ್ನು ಸದ್ಯಕ್ಕೆ ಬದಿಗಿಡಿ. ತಿನ್ನುತ್ತಿರುವ, ಹಾರಿಯಾದರೂ ಓಡಾಡುತ್ತಿರುವ ಮರಿಯ ವಿಷಯದಲ್ಲಿ ಆ ನಿರ್ಧಾರಕ್ಕೆ ಬರುವ ಕಾಲ ಇದಲ್ಲ. ಆದರೆ ಕೈಯಲ್ಲಿರುವ ದಿನಗಳು ಹೆಚ್ಚಿಲ್ಲ ಎಂಬುದನ್ನೂ ಈಗಲೇ ಹೇಳಬೇಕಾಗಿದೆ, ಏಕೆಂದರೆ ತಾವು ವರ್ಣಿಸಿರುವ ಸೆಟೆತ ಕೀಲುಗಳನ್ನು ಶಾಶ್ವತವಾಗಿ ಹಿಡಿದುಬಿಟ್ಟರೆ ಆಮೇಲೆ ಯಾವ ಔಷಧದಿಂದಲೂ ಅವು ಸಡಿಲಗೊಳ್ಳುವುದಿಲ್ಲ.

ಹಿಂಗಾಲು ಸೋತ ನಾಯಿಯನ್ನು ಕಂಡಾಗ ಎಲ್ಲಕ್ಕಿಂತ ಮೊದಲು ಹುಚ್ಚುನಾಯಿ ರೋಗವನ್ನು ನೆನೆಯಬೇಕು. ರೇಬಿಸ್‌ನ ಒಂದು ಬಗೆಯಲ್ಲಿ ನಾಯಿ ಕಚ್ಚಲು ಬರುವುದೇ ಇಲ್ಲ. ಕಾಲು, ದವಡೆ, ಗಂಟಲು ಒಂದೊಂದಾಗಿ ಸೋಲುತ್ತವೆ, ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಿದವರು ಅಪಾಯಕ್ಕೆ ಸಿಲುಕುತ್ತಾರೆ. ಅಂಥ ನಾಯಿ ಲಕ್ಷಣ ಕಾಣಿಸಿದ ಸುಮಾರು ಹತ್ತು ದಿನಗಳೊಳಗೆ ಸಾಯುತ್ತದೆ. ತಮ್ಮ ಮರಿ ಇಪ್ಪತ್ತು ದಿನಗಳ ನಂತರವೂ ನುಂಗಿ ತಿನ್ನುತ್ತಿರುವುದರಿಂದ ಆ ಭಯವನ್ನು ಬಿಡಬಹುದು. ಮೂರು ತಿಂಗಳು ತುಂಬಿದ ಮರಿಗೆ ಹಾಕಿಸಬೇಕಾದ ರೇಬಿಸ್ ಲಸಿಕೆಯ ಬಗ್ಗೆ ಮಾತ್ರ ವೈದ್ಯರನ್ನು ಕೇಳಿ.

ಕ್ಯಾಲ್ಸಿಯಂ ಕೊರತೆಯೆಂಬ ಊಹೆ ಸಹಜವಾದದ್ದು. ಬರೀ ಅನ್ನ, ಮೂಳೆಯಿಲ್ಲದ ಮಾಂಸ ತಿಂದು ಬೆಳೆದ ಮರಿಗಳ ಮೂಳೆ ಕಾಗದದಂತೆ ತೆಳುವಾಗಿ, ನಿಂತಲ್ಲೇ ಬಾಗುವುದುಂಟು. ಮಾಂಸದಲ್ಲಿ ರಂಜಕ ಹೇರಳವಾಗಿದ್ದು ಕ್ಯಾಲ್ಸಿಯಂ ತೀರಾ ಕಡಿಮೆಯಿರುವುದೇ ಇದಕ್ಕೆ ಕಾರಣ. ತಮ್ಮ ಮರಿ ತಿನ್ನುತ್ತಿರುವುದು ಹಾಲು ಮತ್ತು ಮುದ್ದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಮೂಳೆ ತೆಳುವಾಗಿದ್ದರೆ ಎಕ್ಸ್‌ರೇಯಲ್ಲೂ ಕಾಣುತ್ತಿತ್ತು. ಆದ್ದರಿಂದ ಸಿರಪ್ಪನ್ನು ಹೆಚ್ಚಿಸುತ್ತಾ ಹೋಗಬೇಡಿ, ಬೆಳೆಯುವ ಮರಿಗೆ ಅತಿಯಾದ ಕ್ಯಾಲ್ಸಿಯಂ ಕೂಡ ಕೇಡೇ. ಬಿಸಿಲಿಗೆ ಬಿಟ್ಟರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ, ಆದರೆ ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ಡಿ ಜೀವಸತ್ವವನ್ನು ತಯಾರಿಸಿಕೊಳ್ಳಲಾರದು. ಅದು ಆಹಾರದಿಂದಲೇ ಬರಬೇಕು.

ಡಿಸ್ಟೆಂಪರ್ ಎಂಬ ವೈರಸ್ ರೋಗ ಕೂಡ ಹಿಂಗಾಲನ್ನು ಬೀಳಿಸುತ್ತದೆ. ಅದರಲ್ಲಿ ಸಾಮಾನ್ಯವಾಗಿ ಮೊದಲು ಜ್ವರ, ಪಿಸುರುಗಣ್ಣು, ಸಿಂಬಳ, ಭೇದಿ ಬಂದು ಹೋಗಿ, ವಾರಗಳ ನಂತರ ಮಾಂಸಖಂಡ ತಾಳ ಹಾಕಿದಂತೆ ಅದುರತೊಡಗುತ್ತದೆ. ತಮ್ಮ ಪತ್ರದಲ್ಲಿ ಇದ್ಯಾವುದೂ ಇಲ್ಲ.

ಪತ್ರದ ಕೊನೆಯಲ್ಲಿ, ದೃಷ್ಟಿಯ ಮಾತಿಗೆ ಪೀಠಿಕೆಯಾಗಿ, ತಾವು ಬರೆದ ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಒಂದೇ ಸೂಲಿನ ಎರಡು ಮರಿಗಳಿಗೆ, ಬೇರೆ ಬೇರೆ ಊರುಗಳಲ್ಲಿ, ಒಂದೇ ರೀತಿ ಕಾಲು ಬಿದ್ದಿದೆ. ಅವು ಹುಟ್ಟುವ ಮುನ್ನ ಅದೇ ಮನೆಯ ಹಸು ಐದು ತಿಂಗಳಿಗೆ ಕಂದು ಹಾಕಿದೆ. ಇವೆರಡನ್ನೂ ಒಟ್ಟಿಗಿಟ್ಟು ನೋಡಿದಾಗ ನಿಯೋಸ್ಪೋರಾ ಕೆನೈನಮ್ ಎಂಬ ಸೂಕ್ಷ್ಮ ಪರಾವಲಂಬಿಯ ಸೋಂಕನ್ನು ಶಂಕಿಸಲೇಬೇಕಾಗುತ್ತದೆ. ಮರಿಯನ್ನು ಕಣ್ಣಾರೆ ನೋಡದೆ ಇದೇ ರೋಗವೆಂದು ತೀರ್ಪು ಕೊಡುವುದು ಸರಿಯಲ್ಲ, ಆದರೆ ಪರೀಕ್ಷೆ ಈ ದಿಕ್ಕಿನಿಂದ ಆರಂಭವಾಗಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ಜೀವಿಯ ಪರಿಚಯ ವಿಜ್ಞಾನಕ್ಕೆ ಆದದ್ದು ಇತ್ತೀಚೆಗೆ. 1984ರಲ್ಲಿ ನಾರ್ವೆಯ ನಾಯಿಮರಿಗಳಲ್ಲಿ ಇದು ಕಾಣಿಸಿತು. 1988ರಲ್ಲಿ ಭಾರತ ಮೂಲದ ವಿಜ್ಞಾನಿ ಜೆ.ಪಿ. ದುಬೆ ಮತ್ತು ಸಂಗಡಿಗರು ಇದಕ್ಕೆ ಹೆಸರಿಟ್ಟರು. ಇದರ ಮೊಟ್ಟೆಗಳಂಥ ಕಣಗಳು ನಾಯಿಯ ಮಲದಲ್ಲಿ ಹೊರಬೀಳುತ್ತವೆಂಬುದು ಸ್ಥಿರಪಟ್ಟದ್ದು 1998ರಲ್ಲಿ. ಸೋಂಕಿರುವ ಹಸು ಹಾಕಿದ ಕಂದನ್ನೋ ಸತ್ತೆಯನ್ನೋ ಹಸಿಮಾಂಸವನ್ನೋ ನಾಯಿ ತಿಂದಾಗ ಸೋಂಕು ಅದಕ್ಕೆ ದಾಟುತ್ತದೆ. ನಾಯಿಯ ಮಲ ಬೆರೆತ ಮೇವು, ಹಿಂಡಿ, ತೊಟ್ಟಿಯ ನೀರಿನಿಂದ ಅದು ಮತ್ತೆ ಹಸುವಿಗೆ ಹೋಗುತ್ತದೆ. ಅಂಥ ಹಸು ಹೆಚ್ಚಾಗಿ ಐದರಿಂದ ಏಳು ತಿಂಗಳ ಗಬ್ಬದಲ್ಲಿ ಕಂದು ಹಾಕುತ್ತದೆ, ಇಲ್ಲವೇ ನೋಡಲು ಚೆನ್ನಾಗಿರುವ, ಆದರೆ ಹುಟ್ಟುವಾಗಲೇ ಸೋಂಕು ಹೊತ್ತ ಕರುವನ್ನು ಈಯುತ್ತದೆ. ತಾಯಿನಾಯಿಯಲ್ಲಿ ಹೊರಗೆ ಏನೂ ಕಾಣದಿದ್ದರೂ ಸೋಂಕು ಹೊಟ್ಟೆಯಲ್ಲಿರುವ ಮರಿಗಳಿಗೆ ಇಳಿಯುತ್ತದೆ, ಒಂದೇ ಸೂಲಿನಲ್ಲಿ ಕೆಲವಕ್ಕೆ ತಗುಲಿ ಕೆಲವನ್ನು ಬಿಡುತ್ತದೆ. ಮರಿಯಲ್ಲಿ ಅದು ಸೊಂಟದ ನರಬೇರುಗಳಲ್ಲೂ ತೊಡೆಯ ಮಾಂಸದಲ್ಲೂ ಉರಿಯೂತ ಉಂಟುಮಾಡುತ್ತದೆ. ಮಾಂಸ ಕರಗಿ, ಉಳಿದದ್ದು ನಾರಾಗಿ, ಮಂಡಿ ಮಡಚಲಾರದೆ ನೆಟ್ಟಗೆ ನಿಂತುಬಿಡುತ್ತದೆ. ತಾವು ಕೋಲಿನಂತೆ ಎಂದು ಬರೆದದ್ದು ಇದನ್ನೇ ಇರಬಹುದು.

ವೈದ್ಯರ ಬಳಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ಫಲವನ್ನು ಬರೆದಿಟ್ಟುಕೊಳ್ಳಿ. ಮರಿಯನ್ನು ಗೋಣಿಚೀಲದ ಮೇಲೆ ನಿಲ್ಲಿಸಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಭಾರ ತಾಳಿಕೊಂಡು, ಮಡಚಲು ಬರುವ ಎಡ ಹಿಂಗಾಲಿನ ಪಾದವನ್ನು ಬೆರಳುಗಳ ಮೇಲ್ಭಾಗ ನೆಲಕ್ಕೆ ತಾಗುವಂತೆ ತಿರುಗಿಸಿಡಿ. ನರ ಸರಿಯಿರುವ ನಾಯಿ ರೆಪ್ಪೆ ಬಡಿಯುವಷ್ಟರಲ್ಲಿ ಪಾದವನ್ನು ನೇರ ಮಾಡಿಕೊಳ್ಳುತ್ತದೆ. ಸುದ್ದಿ ಮೆದುಳಿಗೆ ತಲುಪದಿದ್ದರೆ ಪಾದ ಹಾಗೆಯೇ ಮಡಚಿಕೊಂಡು ಬಿದ್ದಿರುತ್ತದೆ. ಆಮೇಲೆ ಎರಡು ತೊಡೆಗಳನ್ನೂ ಒಟ್ಟಿಗೆ ಹಿಡಿದು ನೋಡಿ. ಯಾವುದು ಸಣ್ಣದಾಗಿದೆ, ಯಾವುದು ಹುರಿಹಗ್ಗದಂತೆ ಬಿಗಿದಿದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಬಾಲ ಅಲ್ಲಾಡಿಸುತ್ತದೆಯೇ, ಮೂತ್ರ ತಾನಾಗಿ ಹೊಯ್ಯುತ್ತದೆಯೇ ಎಂಬುದನ್ನೂ ಗಮನಿಸಿ. ಈ ನಾಲ್ಕು ಸಾಲು ಬರೆದುಕೊಂಡು ಬಂದ ಮಾಲೀಕರು ವೈದ್ಯರ ಅರ್ಧ ಕೆಲಸವನ್ನು ಮಾಡಿಕೊಂಡೇ ಬಂದಿರುತ್ತಾರೆ.

ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರಿಗೆ ಹಸುವಿನ ವಿಷಯವನ್ನು ತಪ್ಪದೆ ಹೇಳಿ, ಅವರ ಪತ್ರದೊಂದಿಗೆ ಮರಿಯನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ರಕ್ತದಲ್ಲಿ ಈ ಜೀವಿಯ ವಿರುದ್ಧದ ಪ್ರತಿಕಾಯಗಳನ್ನೂ, ಮಾಂಸಖಂಡ ಹಾಳಾಗುತ್ತಿರುವುದನ್ನು ತೋರಿಸುವ ಸಿ.ಕೆ. ಎಂಬ ಕಿಣ್ವವನ್ನೂ ನೋಡಬೇಕು. ಅನುಮಾನ ಬಲವಾಗಿದ್ದರೆ ಫಲಿತಾಂಶಕ್ಕೆ ಕಾಯದೆ ಔಷಧ ಆರಂಭಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಕ್ಲಿಂಡಾಮೈಸಿನ್ ಇದಕ್ಕೆ ಬಳಸುವ ಮುಖ್ಯ ಔಷಧ. ತೂಕ ನೋಡಿ ವೈದ್ಯರೇ ಪ್ರಮಾಣ ನಿಗದಿ ಮಾಡಬೇಕು, ಕನಿಷ್ಠ ನಾಲ್ಕು ವಾರ, ಹಲವು ಸಲ ಅದಕ್ಕೂ ಹೆಚ್ಚು ಕಾಲ ಕೊಡಬೇಕಾಗುತ್ತದೆ. ಸ್ವಲ್ಪ ಚೇತರಿಸಿತೆಂದು ನಡುವೆ ನಿಲ್ಲಿಸಬೇಡಿ. ಬಲಗಾಲು ಪೂರ್ತಿ ಮೊದಲಿನಂತಾಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಎಡಗಾಲನ್ನು ಉಳಿಸಿಕೊಳ್ಳಲು ಅವಕಾಶವಿದೆ, ಅದಕ್ಕಾಗಿಯೇ ಈ ಅವಸರ. ನುಣುಪಾದ ಕಡಪಾ ಕಲ್ಲಿನ ಮೇಲೆ ಬಿಡದೆ ಗೋಣಿ ಹಾಸಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತೊಡೆಗೆ ಕಾವು ಕೊಟ್ಟು, ದಿನಕ್ಕೆ ಮೂರು ನಾಲ್ಕು ಬಾರಿ ಐದೈದು ನಿಮಿಷ ಕೀಲುಗಳನ್ನು ಬಗ್ಗುವಷ್ಟೇ ಬಗ್ಗಿಸಿ. ಬಗ್ಗದ ಮಂಡಿಯನ್ನು ಬಲವಂತವಾಗಿ ಮಡಚಬೇಡಿ.

ಹಸುಗಳ ವಿಷಯಕ್ಕೆ ಬಂದರೆ, ಕಂದು ಹಾಕಿದ ಹಸುವಿನ ರಕ್ತವನ್ನು ನಿಯೋಸ್ಪೋರಾಕ್ಕೂ ಬ್ರುಸೆಲ್ಲಾಕ್ಕೂ ಪರೀಕ್ಷೆ ಮಾಡಿಸಿ. ಬ್ರುಸೆಲ್ಲಾ ಸಾಮಾನ್ಯವಾಗಿ ಏಳನೆಯ ತಿಂಗಳ ನಂತರ ಕಂದು ಹಾಕಿಸುವ ರೋಗವಾದರೂ ಅದು ಮನುಷ್ಯರಿಗೆ ಹರಡುತ್ತದೆ. ಹೆರಿಗೆಯ ಕೊಳೆಯನ್ನು ಬರಿಗೈಯಿಂದ ಮುಟ್ಟಬೇಡಿ, ಹಾಲನ್ನು ಕಾಯಿಸದೆ ಕುಡಿಯಬೇಡಿ. ನಿಯೋಸ್ಪೋರಾ ಮನುಷ್ಯರಿಗೆ ರೋಗ ತರುತ್ತದೆ ಎಂಬುದಕ್ಕೆ ಪುರಾವೆ ದೊರೆತಿಲ್ಲ, ಮನೆಯ ಮಕ್ಕಳು ಮರಿಯನ್ನು ಮುಟ್ಟಲು ಹೆದರಬೇಕಾಗಿಲ್ಲ. ಸತ್ತೆಯನ್ನು ತಿಪ್ಪೆಗೆ ಎಸೆಯದೆ ನಾಯಿ ಕೆದಕಲಾರದಷ್ಟು ಆಳದಲ್ಲಿ ಹೂಳಿ, ಬೂಸಾ ಹಿಂಡಿಯನ್ನು ಮುಚ್ಚಿಡಿ. ತಾಯಿನಾಯಿ ಮುಂದಿನ ಸೂಲಿಗೂ ಸೋಂಕು ದಾಟಿಸಬಲ್ಲದಾದ್ದರಿಂದ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಅದನ್ನು ಮನೆಯಿಂದ ಹೊರಗಟ್ಟಬೇಡಿ; ಅದು ಮಲದಲ್ಲಿ ಕಣಗಳನ್ನು ಚೆಲ್ಲುವುದು ಸೋಂಕು ತಗುಲಿದ ಹೊಸತರಲ್ಲಿ, ಕೆಲವು ವಾರಗಳ ಮಟ್ಟಿಗೆ. ಅಮ್ಮನಿಗೂ ಇದನ್ನೆಲ್ಲ ಬಿಡಿಸಿ ಹೇಳಿ, ಯಾರ ಮೇಲೂ ಸಂಶಯ ಪಡಬೇಕಾಗಿಲ್ಲ.

ಪ್ರಶ್ನೆ: ನಮ್ಮದು ಬಾಗೇಪಲ್ಲಿ. ಒಂದೂವರೆ ವರ್ಷದ ನಾಯಿ ವಾರದಿಂದ ಹಿಂಗಾಲು ಊರಿ ಏಳಲು ಕಷ್ಟಪಡುತ್ತಿದೆ, ಊಟ ಬಿಟ್ಟಿದೆ. ಕೊಳವೆಬಾವಿ ನೀರಿನ ಫ್ಲೋರೈಡ್ ಕಾರಣವೇ? ಮನೆಯಲ್ಲಿದ್ದ ನೋವಿನ ಮಾತ್ರೆ ಎರಡು ದಿನ ಕೊಟ್ಟೆವು.

ಉತ್ತರ: ಫ್ಲೋರೈಡ್ ಮೂಳೆಗೆ ಸೇರಿ ಕೀಲು ಹಿಡಿಯಲು ವರ್ಷಗಳು ಬೇಕು, ವಾರದಲ್ಲಿ ಕಾಲು ಬೀಳಿಸಿ ಊಟ ಬಿಡಿಸುವುದು ಅದರ ರೀತಿಯಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದೆ, ಮನೆಯವರ ಸಲುವಾಗಿ ನೀರನ್ನು ಪರೀಕ್ಷೆ ಮಾಡಿಸಿ. ನಾಯಿಯ ತುಟಿ ಎತ್ತಿ ಒಸಡು ನೋಡಿ. ಬಿಳಿಚಿಕೊಂಡಿದ್ದರೆ, ಕಿವಿಯ ಒಳಗೆ ಅಥವಾ ಬೆರಳ ಸಂದಿಯಲ್ಲಿ ಉಣ್ಣೆ ಸಿಕ್ಕರೆ, ಉಣ್ಣೆಯಿಂದ ಬರುವ ಎರ್ಲಿಕಿಯಾ ಅಥವಾ ಬೆಬೀಸಿಯಾ ಸೋಂಕಿನ ಸಾಧ್ಯತೆ ಹೆಚ್ಚು. ಇವುಗಳಲ್ಲಿ ಕಾಲಿಗೆ ರೋಗವಿಲ್ಲದಿದ್ದರೂ ರಕ್ತ ಕಡಿಮೆಯಾಗಿ ನಾಯಿ ಏಳಲಾರದು. ಇಂದೇ ರಕ್ತಲೇಪನ ಮತ್ತು ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ. ನೋವಿನ ಮಾತ್ರೆಯನ್ನು ಈ ಕ್ಷಣವೇ ನಿಲ್ಲಿಸಿ: ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ರಕ್ತ ಒಸರಿಸುತ್ತವೆ, ಮೂತ್ರಪಿಂಡಕ್ಕೂ ಹಾನಿ ಮಾಡುತ್ತವೆ. ಮಲ ಡಾಂಬರಿನಂತೆ ಕಪ್ಪಗಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ, ಕೊಟ್ಟ ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ದು ತೋರಿಸಿ.